ಗೈರುಹಾಜರಿ ಒಡೆಯರ ಕಣಿವೆ

ಇಸ್ರೇಲಿನ ಬಂದರು ನಗರ ಹೈಫಾದ ಯಾಫಾ ರಸ್ತೆಯಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್‌ನ ಕುದುರೆ ಸವಾರರು ತುರ್ಕರಿಂದ ಗೆದ್ದ ಊರಿದು. ಆದರೆ ಯಹೂದಿಗಳ ಮತ್ತು ಅರಬರ ನಡುವಿನ ಇಲ್ಲಿನ ಜಮೀನಿನ ಜಗಳ ಆ ಯುದ್ಧಕ್ಕಿಂತ ಹಳೆಯದು. ಅದರ ಬೇರು ಕಾಣಬೇಕಾದರೆ ಒಳನಾಡಿನ ಆಫುಲಾ ಊರಿನ ರೈಲು ಹತ್ತಬೇಕು. ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಸಂಜೆಯವರೆಗೆ ರೈಲಿಲ್ಲ, ಬಸ್ಸೂ ಕಡಿಮೆ.

ಕಿಟಕಿಯಾಚೆಯ ಸಪಾಟು ಬಯಲು ಯಹೂದಿಗಳಿಗೆ ಯೆಜ್ರೆಯೇಲ್ ಕಣಿವೆ, ಅರಬರಿಗೆ ಮರ್ಜ್ ಇಬ್ನ್ ಆಮಿರ್. ಆಗ ಇಲ್ಲಿ ಆಳುತ್ತಿದ್ದ ತುರ್ಕರ ಒಟ್ಟೋಮನ್ ಸರ್ಕಾರ 1858ರಲ್ಲಿ ಭೂಕಾನೂನು ತಂದು, ಜಮೀನನ್ನು ಹೆಸರಿಗೆ ಬರೆಸಿಕೊಳ್ಳಿ ಎಂದಿತು. ಬರೆಸಿದರೆ ಕಂದಾಯ ಹೇರುತ್ತಾರೆ, ಮಗನನ್ನು ಸೈನ್ಯಕ್ಕೆ ಎಳೆದೊಯ್ಯುತ್ತಾರೆ ಎಂದು ಎಷ್ಟೋ ರೈತರು ಹಿಂಜರಿದರು. ಮೇಲಾಗಿ ಎಷ್ಟೋ ಕಡೆ ಹೊಲ ಊರೊಟ್ಟಿನದು, ಕೆಲವು ವರ್ಷಕ್ಕೊಮ್ಮೆ ಪಾಲು ಅದಲುಬದಲಾಗುತ್ತಿತ್ತು. ಅದಕ್ಕೆ ಮುಶಾ ಎನ್ನುತ್ತಿದ್ದರು. ಒಬ್ಬನ ಹೆಸರಿಗೆ ಖಾತೆ ಮಾಡುವುದೇ ಕಷ್ಟ. 1870ರ ಆಸುಪಾಸಿನಲ್ಲಿ ಬೈರೂತಿನ ಸರ್ಸೋಕ್ ವರ್ತಕ ಕುಟುಂಬ ಇಲ್ಲಿನ ಹಳ್ಳಿಗಳನ್ನು ಸಾಲುಸಾಲಾಗಿ ಕೊಂಡಿತು. ಖಾತೆ ಬೈರೂತಿಗೆ ಹೋಯಿತು, ಉಳುವವರು ಗೇಣಿದಾರರಾದರು.

ಆಫುಲಾದಿಂದ ಪೂರ್ವಕ್ಕೆ ಮೆರ್ಹಾವಿಯಾ ಹತ್ತಿರವೇ. ಹಳೆಯ ಹೆಸರು ಅಲ್-ಫೂಲಾ. 1910ರಲ್ಲಿ ಎಲಿಯಾಸ್ ಸರ್ಸೋಕ್ ಇದರ ಸುಮಾರು 10 ಸಾವಿರ ದುನಮ್ ಯಹೂದಿಗಳಿಗೆ ಮಾರಿದ. ಒಂದು ದುನಮ್ ಅಂದರೆ 1000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 10 ಗುಂಟೆಗೆ ತುಸು ಕಡಿಮೆ. ನಜರೇತಿನ ಅಧಿಕಾರಿ ಶುಕ್ರಿ ಅಲ್-ಅಸಲಿ ಜಮೀನು ವರ್ಗಾಯಿಸಲು ಒಪ್ಪಲಿಲ್ಲ, ಪತ್ರಿಕೆಗಳಲ್ಲೂ ವಿರೋಧಿಸಿ ಬರೆದ. ಮೇಲಿನವರು ಅವನ ಮಾತು ಬದಿಗಿಟ್ಟರು. 1911ರಲ್ಲಿ ಯಹೂದಿ ವಸಾಹತು ಎದ್ದಿತು.

ಕೊಂಡವರು ಕಾನೂನುಬದ್ಧವಾಗಿಯೇ ಹಣ ತೆತ್ತಿದ್ದರು. ರಷ್ಯಾದ ಹತ್ಯಾಕಾಂಡಗಳಿಂದ ತಪ್ಪಿಸಿಕೊಂಡು ಬಂದವರಿಗೆ ಕಾಲೂರಲು ನೆಲ ಬೇಕಿತ್ತು. ಆದರೆ ಹಿಂದೆ ಒಡೆಯ ಬದಲಾದರೆ ಗೇಣಿ ಸಲ್ಲುವ ಕೈ ಬದಲಾಗುತ್ತಿತ್ತು, ಒಕ್ಕಲು ಅಲ್ಲೇ ಉಳಿಯುತ್ತಿತ್ತು. 1901ರಲ್ಲಿ ಹುಟ್ಟಿದ ಯಹೂದಿ ರಾಷ್ಟ್ರೀಯ ನಿಧಿಯ ನಿಯಮ ಬೇರೆ: ಕೊಂಡ ನೆಲವನ್ನು ಮತ್ತೆ ಮಾರುವಂತಿಲ್ಲ, ಗುತ್ತಿಗೆಗಷ್ಟೇ, ದುಡಿಮೆಯೂ ಯಹೂದಿಗಳದೇ ಆಗಬೇಕು. ಹಾಗಾಗಿ ಜಮೀನಿನ ಜೊತೆ ಅನ್ನವೂ ಹೋಯಿತು. 1921–25ರ ನಡುವೆ ಸರ್ಸೋಕರು ಮಾರಿದ್ದು ಸುಮಾರು 2.4 ಲಕ್ಷ ದುನಮ್, ಅಂದರೆ 60 ಸಾವಿರ ಎಕರೆಯಷ್ಟು. ಗೇಣಿದಾರರಿಗೆ ಪರಿಹಾರದ ಹಣ ಸಿಕ್ಕಿದ್ದುಂಟು. ಅದರಲ್ಲಿ ಬೇರೆ ಹೊಲ ಕೊಳ್ಳುವುದು ಸುಲಭವಿರಲಿಲ್ಲ.

ಮುಂದಿನ ಜಾಗಕ್ಕೆ ಕಾರು ಬೇಕು. ಚಕ್ರದಾಕಾರದ ಯಹೂದಿ ಹಳ್ಳಿ ನಹಲಾಲ್ ದಾಟಿ ನಜರೇತಿನ ಕಡೆಗೆ ಹೋದರೆ ಪೈನ್ ಕಾಡಿನೊಳಗೆ ಮಅಲೂಲ್ ಎಂಬ ಹಳೆಯ ಅರಬ್ ಹಳ್ಳಿಯ ಜಾಗವಿದೆ. ಇಂದಿನ ನಕ್ಷೆ ಸಾಲದು, ಬ್ರಿಟಿಷ್ ಕಾಲದ ಸರ್ವೆ ನಕ್ಷೆ ಫೋನಿನಲ್ಲಿರಲಿ. ಪಾಪಾಸುಕಳ್ಳಿಯ ಸಾಲು ಕಂಡರೆ ಅದು ಹಳೆಯ ಹಿತ್ತಲ ಬೇಲಿ. ಕಡಿದರೂ ಮತ್ತೆ ಚಿಗುರುವ ಗಿಡವದು. ಎರಡು ಚರ್ಚು, ಒಂದು ಮಸೀದಿ ಉಳಿದಿವೆ. ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ಊರು ಬರಿದಾಯಿತು. ಹಲವರು ಹೋದದ್ದು ದೂರಕ್ಕಲ್ಲ, ಆರೇಳು ಕಿಲೋಮೀಟರ್ ಆಚೆಯ ನಜರೇತಿಗೆ. ಆದರೂ ಇಸ್ರೇಲಿನ 1950ರ ಕಾನೂನು ಅವರನ್ನು ಗೈರುಹಾಜರಿ ಒಡೆಯರೆಂದು ಗುರುತಿಸಿ ಆಸ್ತಿಯನ್ನು ಸರ್ಕಾರದ ಕೈಗೆ ಒಪ್ಪಿಸಿತು. ಅಂಥವರನ್ನು ಇಂದಿಗೂ ‘ಹಾಜರಿರುವ ಗೈರುಹಾಜರರು’ ಎಂದೇ ಕರೆಯುತ್ತಾರೆ.