ದಾಳಿಂಬೆಗೊಬ್ಬ ಅಣ್ಣನಿದ್ದಾನೆ

ಹಿರಿಯೂರು ತಾಲ್ಲೂಕಿನ ನಮ್ಮೂರಲ್ಲಿ ಅಪ್ಪ ಎರಡು ಎಕರೆ ದಾಳಿಂಬೆ ಹಾಕಿದ್ದಾರೆ. ನಾನು ಚಿತ್ರದುರ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವರ್ಷ ಒಂದು ಭಾನುವಾರ ಊರಿಗೆ ಹೋಗಿದ್ದೆ. ಅಪ್ಪ ಗಿಡ ಸವರುತ್ತಿದ್ದರು. ಬದುವಿನ ಮೇಲೆ ಕೂತು ಹೇಳಿದೆ: "ಅಪ್ಪಾ, ನಮ್ಮ ದಾಳಿಂಬೆಗೆ ಇಡೀ ಜಗತ್ತಲ್ಲಿ ಒಂದೇ ಒಂದು ಒಡಹುಟ್ಟು ಇರೋದಂತೆ. ಅದೂ ಅರಬ್ಬಿ ಸಮುದ್ರದ ಒಂದು ದ್ವೀಪದಲ್ಲಿ."

ಅಪ್ಪ ಕತ್ತರಿ ಕೆಳಗಿಟ್ಟರು. "ಹೌದೇನವ್ವ? ಅದಕ್ಕೂ ದುಂಡಾಣು ರೋಗ ಬರ್ತತಾ?"

ಅಪ್ಪ ಇನ್ನೇನು ಕೇಳಿಯಾರು? ಕೊಯ್ಲಿಗೆ ಹದಿನೈದು ದಿನ ಇರುವಾಗ ಕಾಯಿ ಮೇಲೆ ಕರೀ ಚುಕ್ಕಿ ಬಿದ್ದು, ಚುಕ್ಕಿ ಸೀಳಿ, ತೋಟದ ಅರ್ಧ ಹಣ್ಣನ್ನು ಗುಂಡಿಗೆ ಹಾಕಿ ಮುಚ್ಚಿದವರು ಅವರು. ಆ ದಿನ ಅವರು ಊಟ ಮಾಡಿರಲಿಲ್ಲ.

ಆ ದ್ವೀಪದ ಹೆಸರು ಸೊಕೊಟ್ರಾ. ಯೆಮನ್ ದೇಶಕ್ಕೆ ಸೇರಿದ್ದು. ಆದರೆ ಅರೇಬಿಯಾದ ನೆಲಕ್ಕಿಂತ ಆಫ್ರಿಕಾದ ಮೂಲೆಯೇ ಅದಕ್ಕೆ ಹತ್ತಿರ. ನಕ್ಷೆಯಲ್ಲಿ ಮೈಸೂರಿನ ಮೇಲೆ ಬೆರಳಿಟ್ಟು ನೇರ ಪಶ್ಚಿಮಕ್ಕೆ ಎಳೆಯಿರಿ, ಸಮುದ್ರ ದಾಟಿ ಹೋಗಿ ಅಲ್ಲಿಗೇ ಮುಟ್ಟುತ್ತದೆ. ಉದ್ದ ಸುಮಾರು 130 ಕಿಲೋಮೀಟರ್. ಕೋಟಿಗಟ್ಟಲೆ ವರ್ಷಗಳ ಹಿಂದೆ ದೊಡ್ಡ ನೆಲದಿಂದ ಬೇರೆಯಾಗಿ ಹೋದದ್ದರಿಂದ ಅಲ್ಲಿನ ಜೀವಗಳು ತಮ್ಮದೇ ದಾರಿ ಹಿಡಿದವು. ಯುನೆಸ್ಕೋ 2008ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿರುವ 825 ಜಾತಿ ಗಿಡಗಳಲ್ಲಿ ಶೇ. 37ರಷ್ಟು ಬೇರೆಲ್ಲೂ ಇಲ್ಲ. ಹಲ್ಲಿ-ಹಾವುಗಳಲ್ಲಂತೂ ಶೇ. 90ರಷ್ಟು ಅಲ್ಲಿಯವೇ.

ನಾನು ಅಲ್ಲಿಗೆ ಹೋಗಿಲ್ಲ. ಈಗಿನ ಪರಿಸ್ಥಿತಿಯಲ್ಲಿ ಯೆಮನ್ ಕಡೆ ಹೋಗಬೇಡಿ ಅಂತ ನಮ್ಮ ಸರ್ಕಾರವೇ ಹೇಳಿದೆ. ಆದರೂ ಒಂದೂವರೆ ವರ್ಷದಿಂದ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಕೂತರೆ ನಾನು ಓದುವುದು, ಫೋಟೋ ನೋಡುವುದು ಆ ಊರಿನದೇ.

ಶುರುವಾಗಿದ್ದು ದಾಳಿಂಬೆಯಿಂದ. ದಾಳಿಂಬೆಯ ಕುಲದಲ್ಲಿ ಇರುವುದು ಎರಡೇ ಜಾತಿ. ಒಂದು ನಾವು ಬೆಳೆಯುವುದು. ಇನ್ನೊಂದು ಸೊಕೊಟ್ರಾದ ಕಾಡುದಾಳಿಂಬೆ, ಪ್ಯೂನಿಕಾ ಪ್ರೋಟೊಪ್ಯೂನಿಕಾ. ನಮ್ಮದರ ಹೂ ಕೆಂಪು, ಅದರದ್ದು ಗುಲಾಬಿ. ಹಣ್ಣು ಚಿಕ್ಕದು, ಸಿಹಿಯೂ ಕಡಿಮೆ. ಪ್ರೋಟೊ ಅಂದರೆ ಮೊದಲಿನದು. ನಮ್ಮ ದಾಳಿಂಬೆ ಇದರಿಂದಲೇ ಬಂದಿರಬೇಕು ಅಂತ ಹಿಂದೆ ಅಂದುಕೊಂಡಿದ್ದರು. ಈಗ ಒಡಹುಟ್ಟು ಅನ್ನುತ್ತಾರೆ. ಅದಕ್ಕೇ ನಾನು ಅಣ್ಣ ಅನ್ನೋದು.

ಇನ್ನೊಂದು ಮರದ ಕಥೆ ಹೇಳಿದ ದಿನ ನನ್ನ ಕ್ಲಾಸಿನಲ್ಲಿ ಗಲಾಟೆಯೇ ಆಯಿತು. ಸೌತೆ, ಸೋರೆ, ಹೀರೆ, ಹಾಗಲ, ಕುಂಬಳ ಎಲ್ಲ ಬಳ್ಳಿ ಅಲ್ವಾ? ಆ ಕುಟುಂಬದಲ್ಲಿ ಮರವಾಗಿ ನಿಂತಿರುವುದು ಒಂದೇ ಒಂದು, ಅದು ಸೊಕೊಟ್ರಾದ ಸೌತೆಮರ. ಬುಡ ಆನೆಯ ಕಾಲಿನ ಹಾಗೆ ಉಬ್ಬಿಕೊಂಡಿರುತ್ತದೆ, ಒಳಗೆಲ್ಲ ನೀರು ಹಿಡಿದ ಮೆತ್ತನೆಯ ತಿರುಳು. ಮೇಲೆ ನಾಲ್ಕು ಜೋತುಬಿದ್ದ ಕೊಂಬೆ. ಎಲೆ ಮಾತ್ರ ನಮ್ಮ ಸೌತೆಬಳ್ಳಿಯದ್ದೇ ನೆನಪು ತರುತ್ತದೆ. ಬರಗಾಲ ಬಂದಾಗ ಅಲ್ಲಿನ ಜನ ಈ ಮರ ಕಡಿದು, ಜಜ್ಜಿ, ದನ-ಮೇಕೆಗಳಿಗೆ ಹಾಕುತ್ತಿದ್ದರಂತೆ. ಇದನ್ನು ಓದಿದಾಗ ನಮ್ಮ ಕಡೆಯ ಗೋಶಾಲೆಗಳು ಕಣ್ಣಮುಂದೆ ಬಂದವು. ಬರದ ವರ್ಷ ಮೇವಿನ ಲಾರಿಗಾಗಿ ಸಾಲಾಗಿ ನಿಂತ ಜನ, ಮೂಳೆ ಎಣಿಸಬಹುದಾದ ದನ. ಒಂದು ಮರ ಕಡಿದರೆ ನಾಲ್ಕು ಜೀವ ಉಳಿಯುತ್ತವೆ ಅಂದಾಗ ಯಾರು ತಾನೇ ಕಡಿಯದೆ ಇರುತ್ತಾರೆ?

ಎಲ್ಲರೂ ಫೋಟೋದಲ್ಲಿ ನೋಡಿರುವುದು ರಕ್ತದ ಮರವನ್ನು. ಗಾಳಿಗೆ ಉಲ್ಟಾ ಆದ ಛತ್ರಿಯ ಹಾಗೆ ಇರುತ್ತದೆ. ಒಂದು ಕಾಂಡ, ಅದು ಎರಡಾಗಿ, ಎರಡು ನಾಲ್ಕಾಗಿ ಕವಲೊಡೆಯುತ್ತಾ ಹೋಗಿ, ತುದಿಯಲ್ಲಿ ಮಾತ್ರ ಕತ್ತಿಯಂಥ ಗಟ್ಟಿ ಎಲೆ. ತೊಗಟೆ ಗೀರಿದರೆ ಕಡುಗೆಂಪು ಅಂಟು ಬರುತ್ತದೆ. ಔಷಧಿಗೆ, ಬಣ್ಣಕ್ಕೆ ಅಂತ ಸಾವಿರಾರು ವರ್ಷದಿಂದ ಅದನ್ನು ಮಾರಿದ್ದಾರೆ. ಅರಬ್ಬಿಯಲ್ಲಿ ಅದಕ್ಕೆ 'ಇಬ್ಬರು ಅಣ್ಣತಮ್ಮಂದಿರ ರಕ್ತ' ಅಂತ ಹೆಸರು. ನಮ್ಮ ಸ್ಟಾಫ್ ರೂಮಿನ ಕಿಟಕಿಯಲ್ಲಿ ಒಂದು ಸ್ನೇಕ್ ಪ್ಲಾಂಟ್ ಇದೆ. ಈಗಿನ ಸಸ್ಯಶಾಸ್ತ್ರಜ್ಞರು ಅದನ್ನೂ ಇದೇ ಡ್ರಸೀನಾ ಕುಲಕ್ಕೆ ಸೇರಿಸಿದ್ದಾರೆ. ಒಂದು ಎಲೆ ಮುರಿದುಕೊಂಡು ಹೋಗಿ ಮಕ್ಕಳ ಕೈಗೆ ಕೊಟ್ಟೆ. "ಇದರ ಚಿಕ್ಕಪ್ಪ ಹತ್ತು ಮೀಟರ್ ಮರ" ಅಂದೆ. ಕೊನೆ ಬೆಂಚಿನವರೂ ಎದ್ದು ಬಂದರು.

ಆ ಛತ್ರಿ ಸುಮ್ನೆ ಅಂದಕ್ಕೆ ಇರುವುದಲ್ಲ. ಬೆಟ್ಟದ ಮೇಲೆ ಮಂಜು ಹಾದುಹೋಗುವಾಗ ಆ ಎಲೆಗಳು ಹನಿ ಹಿಡಿಯುತ್ತವೆ. ಹನಿ ಕೊಂಬೆಗುಂಟ ಇಳಿದು ಬುಡಕ್ಕೆ ಬರುತ್ತದೆ. ಬುಡದ ನೆಲ ನೆರಳಲ್ಲಿರುವುದರಿಂದ ಬೇಗ ಆರುವುದಿಲ್ಲ. ಆ ತೇವದಲ್ಲಿ ಬೇರೆ ಸಣ್ಣಪುಟ್ಟ ಗಿಡಗಳೂ ಬದುಕುತ್ತವೆ. ಅಪ್ಪ ಇದನ್ನು ಕೇಳಿ, "ಡ್ರಿಪ್ ಹಾಕ್ಕೊಂಡೈತೆ ಅನ್ನು" ಅಂದರು. ನಾನು ನಲವತ್ತು ನಿಮಿಷ ಪಾಠ ಮಾಡಿದ್ದನ್ನು ಅಪ್ಪ ಒಂದೇ ಮಾತಲ್ಲಿ ಹೇಳಿದರು.

ನನಗೆ ನಿದ್ದೆ ಕೆಡಿಸಿದ್ದು ಬೇರೆ ವಿಷಯ. ಫೋಟೋದಲ್ಲಿ ಕಾಣುವ ಆ ಮರಗಳೆಲ್ಲ ಮುದುಕರು. ಫಿರ್ಮಿಹಿನ್ ಅನ್ನುವ ಕಡೆ ದೊಡ್ಡ ತೋಪೇ ಇದೆ. ಆದರೆ ನಡುವೆ ಎಳೆಯ ಗಿಡ ಹುಡುಕಿದರೆ ಸಿಗುವುದು ಅಪರೂಪ. ಬೀಜ ಬೀಳುತ್ತದೆ, ಮೊಳೆಯುತ್ತದೆ, ಮೇಕೆ ಬಂದು ತಿಂದು ಹೋಗುತ್ತದೆ. ಸಸಿ ಬೆಳೆಯುವುದೂ ತುಂಬಾ ನಿಧಾನ, ಕವಲೊಡೆಯಲಿಕ್ಕೇ ಹತ್ತಾರು ವರ್ಷ ಬೇಕು. ಅಷ್ಟು ವರ್ಷ ಮೇಕೆಯ ಬಾಯಿಗೆ ಸಿಗದೆ ಇರಬೇಕು. ಸಾಲದ್ದಕ್ಕೆ 2015ರ ನವೆಂಬರ್‌ನಲ್ಲಿ ಒಂದೇ ವಾರದ ಅಂತರದಲ್ಲಿ ಚಪಲಾ, ಮೇಘ್ ಅಂತ ಎರಡು ಚಂಡಮಾರುತ ಬಡಿದು ಎಷ್ಟೋ ಮರಗಳು ಬೇರುಸಮೇತ ಮಲಗಿದವು.

ಹಾಗಂತ ಮೇಕೆ ಸಾಕುವವರನ್ನು ಬೈಯಲು ನನಗೆ ಮನಸ್ಸಿಲ್ಲ. ನಾನು ಬೆಳೆದದ್ದು ಗೊಲ್ಲರಹಟ್ಟಿಯ ಪಕ್ಕ. ಮಗಳ ಮದುವೆ ಖರ್ಚು, ಆಸ್ಪತ್ರೆ ಖರ್ಚು, ಎಲ್ಲ ನಾಲ್ಕು ಕುರಿ-ಮೇಕೆ ಮಾರಿಯೇ ಆಗುವುದನ್ನು ಕಂಡಿದ್ದೇನೆ. ಸೊಕೊಟ್ರಾದಲ್ಲೂ ಒಳನಾಡಿನ ಜನಕ್ಕೆ ಮೇಕೆಯೇ ಬದುಕು. ಹಾಲು, ತುಪ್ಪ, ಮಾಂಸ ಎಲ್ಲ ಅದರಿಂದಲೇ. ಕರಾವಳಿಯವರು ಮೀನು ಹಿಡಿಯುತ್ತಾರೆ, ಹಳ್ಳದ ಬದಿಯಲ್ಲಿ ಖರ್ಜೂರದ ಮರ ಸಾಕುತ್ತಾರೆ. ಅವರು ಆಡುವ ಸೊಕೊಟ್ರಿ ಭಾಷೆಗೆ ತನ್ನದೇ ಲಿಪಿ ಇರಲಿಲ್ಲ. ಪದ್ಯ, ಕಥೆ ಎಲ್ಲ ಬಾಯಿಂದ ಬಾಯಿಗೆ ಬಂದದ್ದು. ಈಗ ಅಲ್ಲಿನವರೇ ಕೆಲವರು ಬೇಲಿ ಕಟ್ಟಿ ಒಳಗೆ ಸಸಿ ಬೆಳೆಸುತ್ತಿದ್ದಾರೆ. ತಮ್ಮ ಕಾಲದಲ್ಲಿ ನೆರಳು ಕೊಡದ ಗಿಡಕ್ಕೆ ದಿನಾ ನೀರು ಹಾಕುವುದು ಸಣ್ಣ ಮಾತಲ್ಲ.

ನಮ್ಮ ದುರ್ಗಕ್ಕೂ ಆ ದ್ವೀಪಕ್ಕೂ ನಡುವೆ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರ. ಆದರೆ ಗಾಳಿ ಒಂದೇ. ಜೂನ್ ಬಂತೆಂದರೆ ಸೊಮಾಲಿಯಾ ಕಡೆಯಿಂದ ಮುಂಗಾರಿನ ಗಾಳಿ ಸೊಕೊಟ್ರಾವನ್ನು ಹೊಡೆದುಕೊಂಡೇ ನಮ್ಮತ್ತ ಹೊರಡುತ್ತದೆ. ಅಲ್ಲಿ ಸೆಪ್ಟೆಂಬರ್‌ವರೆಗೆ ದೋಣಿ ಇಳಿಸಲು ಆಗುವುದಿಲ್ಲ. ವಿಮಾನ ಇಲ್ಲದ ಕಾಲದಲ್ಲಿ ಆ ತಿಂಗಳುಗಳಲ್ಲಿ ದ್ವೀಪಕ್ಕೆ ಹೊರಗಿನ ಸಂಪರ್ಕವೇ ಇರುತ್ತಿರಲಿಲ್ಲ. ಅದೇ ಗಾಳಿ ಸಮುದ್ರ ದಾಟಿ, ನೀರು ಹೊತ್ತು, ಆಗುಂಬೆ ಕಡೆ ಎಲ್ಲ ಸುರಿದು, ನಮ್ಮ ಹತ್ತಿರ ಬರುವ ಹೊತ್ತಿಗೆ ಬರಿಗೈ. ನಮಗೆ ಉಳಿಯುವುದು ಆಷಾಢದ ಬರೀ ಗಾಳಿ. ಗುಡ್ಡದ ಮೇಲಿನ ಗಾಳಿ ಕರೆಂಟಿನ ಫ್ಯಾನುಗಳು ಹಗಲು ರಾತ್ರಿ ತಿರುಗುತ್ತವೆ. ತೋಟದಲ್ಲಿ ದಾಳಿಂಬೆಯ ಮುಳ್ಳು ಅದರದ್ದೇ ಕಾಯಿಗೆ ತಾಗಿ ತಾಗಿ ಕಂದು ಗೀರು ಬೀಳುತ್ತದೆ. ಮಂಡಿಯಲ್ಲಿ ಆ ಗೀರು ನೋಡಿಯೇ ರೇಟು ಇಳಿಸುತ್ತಾರೆ.

ಗಾಳಿ ಹಿಡಿದು ಜನರೂ ಓಡಾಡಿದ್ದಾರೆ. ದ್ವೀಪದ ಹೊಖ್ ಅನ್ನುವ ಗುಹೆಯಲ್ಲಿ ಬೆಲ್ಜಿಯಂನ ಗುಹೆ ಶೋಧಕರಿಗೆ 2000ದ ಆಸುಪಾಸಿನಲ್ಲಿ ಹಳೆಯ ಬರಹಗಳು ಸಿಕ್ಕವು. ಇನ್ನೂರಕ್ಕೂ ಹೆಚ್ಚು. ಬಹುಪಾಲು ಬ್ರಾಹ್ಮಿ ಲಿಪಿಯಲ್ಲಿವೆ! ಒಂದೂವರೆ ಸಾವಿರ ವರ್ಷಕ್ಕೂ ಹಿಂದೆ ಗುಜರಾತಿನ ಭರೂಚ್ ಕಡೆಯಿಂದ ಹಡಗಿನಲ್ಲಿ ಹೋದ ನಮ್ಮ ದೇಶದವರು ಕತ್ತಲೆ ಗುಹೆಯೊಳಗೆ ತಮ್ಮ ಹೆಸರು ಬರೆದು ಬಂದಿದ್ದಾರೆ.

ಅದನ್ನು ಓದಿದ ಮೇಲೆ ಮಕ್ಕಳನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋದೆ. ಅಶೋಕನ ಶಾಸನ ಇರುವ ಬಂಡೆ, ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ್ದು. ಅದೂ ಬ್ರಾಹ್ಮಿಯೇ. ಕೊನೆಯಲ್ಲಿ ಬರೆದವನ ಹೆಸರು ಇದೆ, ಚಪಡ. ರಾಜನ ಮಾತು ಕೊರೆದು ಮುಗಿಸಿ ತನ್ನ ಹೆಸರನ್ನೂ ಸೇರಿಸಿದ್ದಾನೆ. ಒಬ್ಬ ಹುಡುಗಿ ಆ ಅಕ್ಷರಗಳನ್ನು ಗಾಳಿಯಲ್ಲೇ ಬೆರಳಿನಿಂದ ತಿದ್ದುತ್ತಾ ತುಂಬಾ ಹೊತ್ತು ನಿಂತಿದ್ದಳು. ಬಸ್ಸು ಹಾರ್ನ್ ಹಾಕಿದರೂ ಬರಲಿಲ್ಲ. ನಾನೂ ಕರೆಯಲಿಲ್ಲ.

ಸೊಕೊಟ್ರಾ ಕಡೆ ಹೋಗುವ ನಮ್ಮ ನಾವಿಕರು ಇಂದಿಗೂ ಇದ್ದಾರೆ. 2018ರಲ್ಲಿ ಮೆಕುನು ಚಂಡಮಾರುತದಲ್ಲಿ ಸಿಕ್ಕಿಹಾಕಿಕೊಂಡಿದ್ದ 38 ಭಾರತೀಯರನ್ನು ನೌಕಾಪಡೆಯ ಐಎನ್‌ಎಸ್ ಸುನಯನಾ ಹಡಗು ಸೊಕೊಟ್ರಾದಿಂದ ಕರೆತಂದಿತ್ತು.

ಈ ಸಲ ಗಾಳಿ ಬೇಗ ಶುರುವಾಗಿದೆ. ಮೊನ್ನೆ ರಾತ್ರಿ ಅಪ್ಪ ಫೋನ್ ಮಾಡಿದ್ದರು. ಮಾತಿಗಿಂತ ಗಾಳಿಯ ಸದ್ದೇ ಜಾಸ್ತಿ ಕೇಳುತ್ತಿತ್ತು. ಹೂ ಉದುರುತ್ತಿದೆ, ಎರಡು ಗಿಡ ವಾಲಿವೆ, ಊರುಗೋಲು ಕೊಟ್ಟಿದ್ದೀನಿ ಅಂದರು. ಇನ್ನೇನು ಇಡುತ್ತಾರೆ ಅನ್ನುವಾಗ ಕೇಳಿದರು:

"ಅಲ್ಲಿ ಅದರ ಅಣ್ಣ ಹೆಂಗವ್ನಂತೆ? ಗಾಳಿ ಅಲ್ಲೂ ಹಿಂಗೇ ಐತಾ?"