ಒಂದು ಕಂತು, ಒಂದು ಪ್ರಬಂಧ: ಮ್ಯಾನೇಜ್‌ಮೆಂಟ್ ಥಿಯರಿಗೆ ಮೈಕ್ ಹಿಡಿಯುವುದು ಹೇಗೆ

ನಾಲ್ಕು ಜನ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕರನ್ನು ಮೈಕ್ ಮುಂದೆ ಕೂರಿಸಿ "ನಾಯಕತ್ವದ ಬಗ್ಗೆ ಮಾತಾಡಿ" ಅಂದರೆ ಸಿಗುವುದು ಪಾಡ್‌ಕಾಸ್ಟ್ ಅಲ್ಲ, ಡಿಪಾರ್ಟ್‌ಮೆಂಟ್ ಮೀಟಿಂಗ್. ಎಲ್ಲರೂ ತಮಗೆ ಮೊದಲೇ ಗೊತ್ತಿದ್ದದ್ದನ್ನೇ ಹೇಳುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ, ಕೇಳುವವನು ಹತ್ತು ನಿಮಿಷಕ್ಕೆ ಬೇರೆ ಏನನ್ನೋ ಹಚ್ಚಿಕೊಳ್ಳುತ್ತಾನೆ. ಇದಕ್ಕೆ ಮದ್ದು ಒಂದೇ: ವಿಷಯ ಬಿಡಿ, ಪಠ್ಯ ಹಿಡಿಯಿರಿ. ಒಂದು ಕಂತಿಗೆ ಒಂದು ಮೂಲ ಪ್ರಬಂಧ. 2015ರಲ್ಲಿ ಶುರುವಾದ ಟಾಕಿಂಗ್ ಅಬೌಟ್ ಆರ್ಗನೈಸೇಶನ್ಸ್ ಪಾಡ್‌ಕಾಸ್ಟ್ ನಡೆದದ್ದು ಈ ದಾರಿಯಲ್ಲೇ. ಮೊದಲ ಕಂತಿಗೆ "ವೈಜ್ಞಾನಿಕ ನಿರ್ವಹಣೆ"ಯ ಪ್ರತಿಪಾದಕ, ಅಮೆರಿಕದ ಎಂಜಿನಿಯರ್ ಟೇಲರ್‌ನನ್ನು ಎತ್ತಿಕೊಂಡು, ಬೇರೆ ಬೇರೆ ಊರಿನ ಸಂಶೋಧಕರು ಒಂದೇ ಕೃತಿಯನ್ನು ಓದಿಕೊಂಡು ಬಂದು ಚರ್ಚಿಸುವ ಪದ್ಧತಿ ಇಟ್ಟುಕೊಂಡಿತು. ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಇಂಥದ್ದೊಂದು ಮಾಡಬೇಕೆಂದಿರುವ ಮೇಷ್ಟ್ರುಗಳಿಗೆ, ಪಿಎಚ್‌ಡಿ ಮಾಡುತ್ತಿರುವವರಿಗೆ ಈ ಬರಹ.

ಪಠ್ಯದ ಗಾತ್ರ ಮೊದಲು ನೋಡಿ. ಒಂದು ಗಂಟೆಯ ಕಂತಿಗೆ 20ರಿಂದ 35 ಪುಟದ ಪ್ರಬಂಧ ಸರಿಯಾದ ಅಳತೆ. ಸಂಸ್ಥೆ ಅನ್ನುವುದು ಯಾಕಾದರೂ ಇರಬೇಕು ಎಂದು ಕೇಳಿದ ಅರ್ಥಶಾಸ್ತ್ರಜ್ಞ ಕೋಸ್‌ನ 1937ರ ಪ್ರಬಂಧ 20 ಪುಟ. ಕೋಹೆನ್, ಮಾರ್ಚ್, ಓಲ್ಸನ್ ಮೂವರು ಸಂಸ್ಥೆಗಳಲ್ಲಿ ನಿರ್ಧಾರಗಳು ಹೇಗಾಗುತ್ತವೆ ಎಂದು ಬರೆದ 1972ರ "ಗಾರ್ಬೇಜ್ ಕ್ಯಾನ್" (ಕಸದ ಡಬ್ಬಿ) ಪ್ರಬಂಧ 25 ಪುಟ. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಬಗ್ಗೆ ಟ್ರಿಸ್ಟ್ ಮತ್ತು ಬ್ಯಾಮ್‌ಫೋರ್ತ್ 1951ರಲ್ಲಿ ಬರೆದದ್ದು 36 ಪುಟ. ಇವೆಲ್ಲ ಒಂದು ಸಲ ಕೂತು ಓದಿ ಮುಗಿಸಿ, ಇನ್ನೊಂದು ಸಲ ಕೂತು ಗುರುತು ಹಾಕಿಕೊಳ್ಳುವಂಥವು. ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ ಕೆಲಸಗಾರರ ಉತ್ಪಾದನೆ ಏರಿಳಿಯುವುದು ಯಾಕೆಂದು ನಡೆಸಿದ ಪ್ರಯೋಗಗಳ ಮೇಲೆ ರೋತ್ಲಿಸ್‌ಬರ್ಗರ್ ಮತ್ತು ಡಿಕ್ಸನ್ 1939ರಲ್ಲಿ ತಂದ ಗ್ರಂಥ 600 ಪುಟ ದಾಟುತ್ತದೆ. "ಎಲ್ಲರೂ ಓದಿಕೊಂಡು ಬನ್ನಿ" ಅಂದರೆ ಯಾರೂ ಓದುವುದಿಲ್ಲ, ಎಲ್ಲರೂ ಓದಿದವರ ಹಾಗೆ ಮಾತಾಡುತ್ತಾರೆ. ಅಂಥ ಕಡೆ ರಿಲೇ (ಟೆಲಿಫೋನಿನ ಬಿಡಿಭಾಗ) ಜೋಡಣೆ ಕೋಣೆಯ ಭಾಗ ಒಂದನ್ನೇ ಎತ್ತಿಕೊಂಡು, ಟೆಲಿಫೋನ್ ಸ್ವಿಚ್ಚುಗಳಿಗೆ ತಂತಿ ಜೋಡಿಸುವ "ಬ್ಯಾಂಕ್ ವೈರಿಂಗ್" ಕೋಣೆಯ 14 ಗಂಡಸರ ಕಥೆಯನ್ನು ಮುಂದಿನ ಕಂತಿಗೆ ಉಳಿಸಿಕೊಳ್ಳಬೇಕು.

ಮೂಲವನ್ನೇ ಓದಬೇಕೆಂದು ಇಷ್ಟು ಹಟ ಹಿಡಿಯಲು ಕಾರಣವಿದೆ. ಮನುಷ್ಯನ ಅಗತ್ಯಗಳನ್ನು ಹಂತಹಂತವಾಗಿ ಜೋಡಿಸಿದ ಮನಶ್ಶಾಸ್ತ್ರಜ್ಞ ಮ್ಯಾಸ್ಲೋ ಅಂದ ಕೂಡಲೇ ಎಂಬಿಎ ಮಾಡಿದ ಯಾರಾದರೂ ಪಿರಮಿಡ್ ಬರೆದು ತೋರಿಸುತ್ತಾರೆ; ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಬಂದಿರುತ್ತದೆ. 1943ರ ಪ್ರಬಂಧದಲ್ಲಿ ಪಿರಮಿಡ್ಡೇ ಇಲ್ಲ. ಅದು ಆಮೇಲೆ ಬೇರೆಯವರು ಬರೆದ ಚಿತ್ರ. ಒಂದು ಮೆಟ್ಟಿಲು ಪೂರ್ತಿ ಹತ್ತಿದ ಮೇಲೆಯೇ ಮುಂದಿನದು ಎಂಬ ಮಾತನ್ನೂ ಮ್ಯಾಸ್ಲೋ ಅಷ್ಟು ಬಿಗಿಯಾಗಿ ಹೇಳಿಲ್ಲ. ಬಹುಪಾಲು ಜನರಿಗೆ ಎಲ್ಲ ಅಗತ್ಯಗಳೂ ಅರೆಬರೆ ತೀರಿರುತ್ತವೆ, ಅರೆಬರೆ ಉಳಿದಿರುತ್ತವೆ ಎಂದು ಅಲ್ಲೇ ಬರೆದಿದ್ದಾನೆ. ಹಾಥಾರ್ನ್ ವಿಷಯವೂ ಹಾಗೇ. "ಗಮನ ಕೊಟ್ಟರು, ಉತ್ಪಾದನೆ ಏರಿತು" ಅನ್ನುವುದು ಪಠ್ಯಪುಸ್ತಕದ ಕಥೆ. ಆ ಕೋಣೆಯಲ್ಲಿ ರಿಲೇ ಜೋಡಿಸುತ್ತಿದ್ದ ಐವರು ಹೆಂಗಸರಲ್ಲಿ ಇಬ್ಬರನ್ನು 1928ರ ಜನವರಿಯಲ್ಲಿ ತೆಗೆದು ಬೇರೆ ಇಬ್ಬರನ್ನು ಹಾಕಿದ್ದರು ಎಂಬುದು ಕಥೆಯಿಂದ ಜಾರಿಹೋಗಿದೆ. ನೆನಪಿನಿಂದ ಮಾತಾಡುವ ಪ್ರಾಧ್ಯಾಪಕರು ಪಠ್ಯಪುಸ್ತಕವನ್ನು ಇನ್ನೊಂದು ಸಲ ಓದಿ ಹೇಳಿದಂತಾಗುತ್ತದೆ ಅಷ್ಟೇ.

ಗಟ್ಟಿಯಾಗಿ ಓದುವುದರ ಬಲ ಏನೆಂದು ನೋಡಲು ಟೇಲರ್‌ನ 1911ರ ಪುಸ್ತಕದ ಕಬ್ಬಿಣದ ಗಟ್ಟಿ ಹೊರುವ ಭಾಗವೇ ಸಾಕು. ಬೆಥ್ಲೆಹೆಮ್ ಸ್ಟೀಲ್ ಅಂಗಳದಲ್ಲಿ ಒಬ್ಬ ಆಳು ದಿನಕ್ಕೆ 12.5 ಲಾಂಗ್ ಟನ್ ಹೊರುತ್ತಿದ್ದನಂತೆ. "ಶ್ಮಿತ್" ಎಂದು ಟೇಲರ್ ಹೆಸರಿಟ್ಟ ಆಳು 47.5 ಟನ್ ಹೊತ್ತ, ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಈ ಅಂಕಿಗಳನ್ನು ಸುಮ್ಮನೆ ಹೇಳಿದರೆ ಕಿವಿಯ ಮೇಲೆ ಹಾದುಹೋಗುತ್ತವೆ. ಅದನ್ನೇ ಬಿಡಿಸಿ ಹೇಳಿ: ಒಂದೊಂದು ಗಟ್ಟಿ 92 ಪೌಂಡ್, ಅಂದರೆ ಸುಮಾರು 42 ಕೆ.ಜಿ. ಲಾಂಗ್ ಟನ್ ಅಂದರೆ 2,240 ಪೌಂಡ್. ಅಲ್ಲಿಗೆ ದಿನಕ್ಕೆ 1,156 ಗಟ್ಟಿ. ಹತ್ತು ಗಂಟೆಯ ದುಡಿಮೆ ಅಂತ ಹಿಡಿದರೂ ಅರ್ಧ ನಿಮಿಷಕ್ಕೊಂದು. ಕೆಲಸ ನಾಲ್ಕು ಪಟ್ಟಿನ ಹತ್ತಿರ ಹೋಯಿತು, ಕೂಲಿ ಏರಿದ್ದು ಶೇ. 60ರಷ್ಟು. ಇಷ್ಟು ಹೇಳಿ ಒಂದು ಕ್ಷಣ ಸುಮ್ಮನಿರಿ. ಆ ಮೌನವನ್ನು ಎಡಿಟಿಂಗಿನಲ್ಲಿ ಕತ್ತರಿಸಬೇಡಿ.

ಆಮೇಲೆ ಟೇಲರ್ ಮತ್ತು ಶ್ಮಿತ್ ನಡುವಿನ ಸಂಭಾಷಣೆಯನ್ನು ಇಬ್ಬರು ಓದಲಿ. ಪುಟದ ಮೇಲೆ ಕಣ್ಣಾಡಿಸುವಾಗ ಅದು ಬರೀ ಉದಾಹರಣೆ. ದನಿಯಲ್ಲಿ ಕೇಳಿದಾಗ, "ನಾಳೆ ಈ ಮೇಲ್ವಿಚಾರಕ ಎತ್ತು ಅಂದರೆ ಎತ್ತು, ಕೂರು ಅಂದರೆ ಕೂರು, ಎದುರು ಮಾತಾಡಬೇಡ" ಎನ್ನುವ ಅರ್ಥದ ಮಾತು ಬೇರೆಯೇ ತೂಕ ಪಡೆಯುತ್ತದೆ. ಇದು ಒರಟು ಮಾತು ಎಂದು ಟೇಲರನೇ ಮುಂದಿನ ಸಾಲುಗಳಲ್ಲಿ ಒಪ್ಪುತ್ತಾನೆ, ಇಂಥ ಆಳಿಗೆ ಇದೇ ಸರಿ ಎಂದು ಸಮರ್ಥನೆಯನ್ನೂ ಕೊಡುತ್ತಾನೆ. ಚರ್ಚೆ ನಿಜವಾಗಿ ಹೊತ್ತಿಕೊಳ್ಳುವುದು ಇಲ್ಲಿ. ರೆಗ್ ಮತ್ತು ಪೆರೋನಿ 1974ರಲ್ಲಿ ದಾಖಲೆಗಳನ್ನು ಕೆದಕಿ ಟೇಲರ್ ಹೇಳಿದ ಕಥೆಗೂ ನಡೆದದ್ದಕ್ಕೂ ತಾಳೆಯಾಗುವುದಿಲ್ಲ ಎಂದು ತೋರಿಸಿದ್ದನ್ನು ತರಬೇಕಾದ್ದು ಇದಾದ ಮೇಲೆ, ಮೊದಲಲ್ಲ. ಮೊದಲೇ "ಇದು ಸುಳ್ಳು ಕಥೆ" ಅಂದುಬಿಟ್ಟರೆ ಟೇಲರ್ ಏನು ವಾದಿಸುತ್ತಿದ್ದ ಎಂದು ಕೇಳುವ ವ್ಯವಧಾನ ಯಾರಿಗೂ ಉಳಿಯುವುದಿಲ್ಲ.

ಜನ ಎಷ್ಟಿರಬೇಕು? ಮೂವರು, ಹೆಚ್ಚೆಂದರೆ ನಾಲ್ವರು. ಐದನೆಯ ದನಿ ಬಂದರೆ ಯಾರು ಮಾತಾಡುತ್ತಿದ್ದಾರೆಂದು ಕೇಳುಗನಿಗೆ ತಿಳಿಯುವುದಿಲ್ಲ. ಮಾತು ದಾಟಿಸುವಾಗ ಹೆಸರು ಹೇಳುವುದು ರೂಢಿಯಾಗಲಿ. ಒಬ್ಬರು ಆ ಪಠ್ಯದ ಕ್ಷೇತ್ರದವರಾದರೆ ಇನ್ನೊಬ್ಬರು ಸಮಾಜಶಾಸ್ತ್ರವೋ ಅರ್ಥಶಾಸ್ತ್ರವೋ ಓದಿದವರಾಗಿರಲಿ. ಮತ್ತೊಬ್ಬರು ಕಾರ್ಖಾನೆ, ಆಸ್ಪತ್ರೆ, ಬ್ಯಾಂಕು ಎಲ್ಲಾದರೂ ಜನರನ್ನು ನಿಜವಾಗಿ ನಡೆಸಿದವರಾದರೆ ಇನ್ನೂ ಒಳ್ಳೆಯದು. ನಿರೂಪಣೆ ಮಾಡುವವರು ತಮ್ಮ ಪಾಂಡಿತ್ಯವನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. "ಯಾವ ಪುಟದಲ್ಲಿದೆ?" ಎಂದು ಕೇಳುವುದೇ ಅವರ ಮುಖ್ಯ ಕೆಲಸ.

ಎರಡು ವಾರ ಮೊದಲು ಎಲ್ಲರಿಗೂ ಒಂದೇ ಆವೃತ್ತಿಯ ಪ್ರತಿ ಕಳಿಸಿ. ಜರ್ಮನ್ ಸಮಾಜಶಾಸ್ತ್ರಜ್ಞ ವೇಬರ್‌ನ "ಪ್ರಾಟೆಸ್ಟಂಟ್ ಎಥಿಕ್" ವಿಷಯದಲ್ಲಂತೂ ಇದು ಕಡ್ಡಾಯ: ಒಬ್ಬರ ಕೈಯಲ್ಲಿ ಪಾರ್ಸನ್ಸ್‌ನ 1930ರ ಅನುವಾದ, ಇನ್ನೊಬ್ಬರ ಕೈಯಲ್ಲಿ ಕಾಲ್ಬರ್ಗ್‌ನ 2002ರ ಅನುವಾದ ಇದ್ದರೆ ಅರ್ಧ ಗಂಟೆ ಪುಟ ಹುಡುಕುವುದರಲ್ಲೇ ಹೋಗುತ್ತದೆ. ಪ್ರತಿಯೊಬ್ಬರೂ ಒಂದೇ ಪುಟದ ಟಿಪ್ಪಣಿ ತರಲಿ: ಲೇಖಕರ ವಾದ ಒಂದು ವಾಕ್ಯದಲ್ಲಿ, ಗಟ್ಟಿಯಾಗಿ ಓದಬೇಕಾದ ಒಂದು ಭಾಗ, ತಾವು ಒಪ್ಪದ ಒಂದು ಅಂಶ. ಟಿಪ್ಪಣಿಗಳನ್ನು ಮೊದಲೇ ಹಂಚಿಕೊಳ್ಳಬೇಡಿ. ಹಂಚಿಕೊಂಡರೆ ಜಗಳ ಇಮೇಲಿನಲ್ಲೇ ಮುಗಿದು, ರೆಕಾರ್ಡಿಂಗ್ ದಿನ ಎಲ್ಲರೂ ಸಂಭಾವಿತರಾಗಿಬಿಡುತ್ತಾರೆ.

ತೊಂಬತ್ತು ನಿಮಿಷ ರೆಕಾರ್ಡ್ ಮಾಡಿ, ಅರವತ್ತು ಉಳಿಸಿಕೊಳ್ಳಿ. ಲೇಖಕರ ಜೀವನಚರಿತ್ರೆಗೆ ಐದು ನಿಮಿಷ ಸಾಕು. ಅದು ಇಪ್ಪತ್ತಕ್ಕೆ ಹಿಗ್ಗುವುದು ಈ ಬಗೆಯ ಕಂತುಗಳ ಮಾಮೂಲಿ ಕಾಯಿಲೆ. ವಾದದ ಸಾರಾಂಶಕ್ಕೆ ಹತ್ತು ಹದಿನೈದು ನಿಮಿಷ, ಉಳಿದದ್ದೆಲ್ಲ ಚರ್ಚೆಗೆ. ಚಿತ್ರ, ಕೋಷ್ಟಕ ಇರುವ ಪ್ರಬಂಧವಾದರೆ ಅದನ್ನು ಮಾತಿನಲ್ಲಿ ಹೇಗೆ ಹೇಳುವುದೆಂದು ಮೊದಲೇ ಬರೆದಿಟ್ಟುಕೊಳ್ಳಿ. ಗಾರ್ಬೇಜ್ ಕ್ಯಾನ್ ಪ್ರಬಂಧದಲ್ಲಿ ಫೋರ್ಟ್ರಾನ್ ಭಾಷೆಯ ಕಂಪ್ಯೂಟರ್ ಪ್ರೋಗ್ರಾಮೇ ಅಚ್ಚಾಗಿದೆ. ಅದನ್ನು ಓದಿ ಹೇಳಲಾಗದು. ಸಮಸ್ಯೆಗಳು, ಪರಿಹಾರಗಳು, ಜನ, ನಿರ್ಧಾರದ ಸಂದರ್ಭಗಳು ಎಂಬ ನಾಲ್ಕು ಹರಿವು ಒಂದಕ್ಕೊಂದು ಸಂಬಂಧವಿಲ್ಲದೆ ಬಂದು ಒಂದೇ ಡಬ್ಬಿಗೆ ಬೀಳುತ್ತವೆ ಎಂಬುದನ್ನು ವಿಶ್ವವಿದ್ಯಾಲಯದ ಒಂದು ಸಭೆಯ ಉದಾಹರಣೆಯಲ್ಲಿ ಹೇಳಬಹುದು. ಲೇಖಕರ ಕಣ್ಣ ಮುಂದಿದ್ದದ್ದೂ ವಿಶ್ವವಿದ್ಯಾಲಯಗಳೇ.

ಇನ್ನು ಸಲಕರಣೆ. ಯುಎಸ್‌ಬಿ ಸೌಲಭ್ಯವಿರುವ ಡೈನಮಿಕ್ ಮೈಕ್ ತಲೆಗೊಂದು. ಕಂಡೆನ್ಸರ್ ಮೈಕ್ ಸ್ಟುಡಿಯೋದಲ್ಲಿ ಚೆನ್ನ; ಗೋಡೆ ಬರಿದಾಗಿರುವ ಕಾಲೇಜು ಕೋಣೆಯಲ್ಲಿ ಅದು ಫ್ಯಾನು, ಕಾರಿಡಾರಿನ ಚಪ್ಪಲಿ ಸದ್ದು ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಬಾಯಿಂದ ಒಂದು ಗೇಣಿಗಿಂತ ಕಡಿಮೆ, 10ರಿಂದ 15 ಸೆಂ.ಮೀ. ದೂರದಲ್ಲಿ, ಸ್ವಲ್ಪ ಓರೆಯಾಗಿ ಇಡಿ; ನೇರಕ್ಕಿಟ್ಟರೆ ಪ, ಬ, ಭ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ಹೆಡ್‌ಫೋನ್ ಹಾಕದವರಿಗೆ ಮೈಕ್ ಕೊಡಬೇಡಿ: ಸ್ಪೀಕರಿನಿಂದ ಬಂದ ಇನ್ನೊಬ್ಬರ ದನಿ ಇವರ ಟ್ರ್ಯಾಕಿನಲ್ಲಿ ಸೇರಿಬಿಟ್ಟರೆ ಆಮೇಲೆ ಬಿಡಿಸುವುದು ಕಷ್ಟ.

ಮಾತಾಡುವವರು ಬೇರೆ ಬೇರೆ ಊರಿನಲ್ಲಿದ್ದರೆ ವಿಡಿಯೋ ಕಾಲ್ ಬರೀ ಕೇಳಿಸಿಕೊಳ್ಳಲು. ರೆಕಾರ್ಡಿಂಗ್ ಅವರವರ ಕಂಪ್ಯೂಟರಿನಲ್ಲೇ ಆಗಲಿ: ಮೊನೊ, 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ, ಡಿಸ್ಕಿನಲ್ಲಿ ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ದನಿ ಏರಿದಾಗಲೂ ಮೀಟರ್ ಮೈನಸ್ 12 ಡಿಬಿ ಆಸುಪಾಸಿನಲ್ಲಿರಲಿ. ಶುರುವಿನಲ್ಲಿ ಮೂರರವರೆಗೆ ಎಣಿಸಿ ಎಲ್ಲರೂ ಒಮ್ಮೆ ಚಪ್ಪಾಳೆ ತಟ್ಟಿ, ಕೊನೆಯಲ್ಲಿ ಮತ್ತೊಮ್ಮೆ. ಎರಡನೆಯ ಚಪ್ಪಾಳೆ ಯಾಕೆ ಎಂದರೆ, ಎರಡು ಕಂಪ್ಯೂಟರುಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಶುರುವಿನಲ್ಲಿ ಕೂಡಿಸಿದ ಟ್ರ್ಯಾಕುಗಳು ಒಂದು ಗಂಟೆಯಾಗುವಷ್ಟರಲ್ಲಿ ಹಿಂದುಮುಂದಾಗಿ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುವಂತೆ ಕೇಳಿಸಬಹುದು. ಕೊನೆಯ ಚಪ್ಪಾಳೆ ಇದ್ದರೆ ಟ್ರ್ಯಾಕನ್ನು ಎಷ್ಟು ಎಳೆಯಬೇಕು ಎಂಬುದು ತಿಳಿಯುತ್ತದೆ. ಅರ್ಧ ನಿಮಿಷ ಯಾರೂ ಮಾತಾಡದೆ ಕೋಣೆಯ ಸದ್ದನ್ನೂ ಹಿಡಿದಿಡಿ. ಕತ್ತರಿಸಿದ ಕಡೆ ತುಂಬಲು ಬೇಕಾಗುತ್ತದೆ. ಕಾಲ್‌ನ ರೆಕಾರ್ಡಿಂಗನ್ನೂ ಇಟ್ಟುಕೊಳ್ಳಿ, ಯಾರದ್ದಾದರೂ ಲ್ಯಾಪ್‌ಟಾಪ್ ಕೈಕೊಟ್ಟರೆ ಅದೇ ಗತಿ.

ಎಡಿಟಿಂಗಿಗೆ ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಧಾರಾಳ ಸಾಕು. 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ಗುಡುವಿಕೆ ತೆಗೆಯಿರಿ, ದನಿಯ ಏರಿಳಿತ ತಗ್ಗಿಸಲು 3:1 ಹದದಲ್ಲಿ ಕಂಪ್ರೆಶನ್ ಕೊಡಿ, ಒಟ್ಟು ಗಟ್ಟಿತನ ಮೊನೊಗೆ ಮೈನಸ್ 19, ಸ್ಟೀರಿಯೊಗೆ ಮೈನಸ್ 16 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಗಟ್ಟಿತನದ ಅಳತೆ) ತನ್ನಿ. ನಾಯ್ಸ್ ರಿಡಕ್ಷನ್ ಹೆಚ್ಚಾದರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಫ್ಯಾನಿನ ಸದ್ದೇ ವಾಸಿ. ಕೊನೆಗೆ 64 ಕೆಬಿಪಿಎಸ್ ಮೊನೊ ಎಂಪಿ3 ಮಾಡಿದರೆ ಗಂಟೆಗೆ 29 ಎಂಬಿ, ಮಾತಿಗೆ ಅಷ್ಟು ಸಾಕು.

ತಂತ್ರಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಅರ್ಥ ಕೆಡದಂತೆ ಕತ್ತರಿಸುವುದರಲ್ಲಿ. ವಿದ್ವಾಂಸರ ಮಾತಿನಲ್ಲಿ "ಆದರೆ", "ಕೆಲವು ಸಂದರ್ಭದಲ್ಲಿ", "ಟೇಲರ್ ಪ್ರಕಾರ" ಇವೆಲ್ಲ ಅಡ್ಡಮಾತುಗಳಂತೆ ಕೇಳಿಸುತ್ತವೆ. "ಟೇಲರ್ ಪ್ರಕಾರ" ಎಂಬ ಎರಡು ಪದ ಹಾರಿಹೋದರೆ, ಕೂಲಿಯಾಳು ಮಂದಬುದ್ಧಿಯವನಾಗಿರಬೇಕು ಎನ್ನುವುದು ಮಾತಾಡಿದವರ ಸ್ವಂತ ಅಭಿಪ್ರಾಯವಾಗಿಬಿಡುತ್ತದೆ. ಎಡಿಟ್ ಮಾಡುವವರು ಪ್ರಬಂಧ ಓದಿರಲೇಬೇಕು. ಪ್ರಕಟಿಸುವ ಮೊದಲು ಮಾತಾಡಿದ ಎಲ್ಲರಿಗೂ ಕಳಿಸಿ, ಮೂರು ದಿನ ಗಡುವು ಕೊಡಿ. ಅರ್ಥ ಕೆಟ್ಟಿದ್ದರೆ ಸರಿಪಡಿಸೋಣ, "ನನ್ನ ದನಿ ಚೆನ್ನಾಗಿಲ್ಲ" ಅಂದರೆ ಕೇಳುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

ಹಕ್ಕುಗಳ ಮಾತು. ಟೇಲರ್‌ನ 1911ರ ಪಠ್ಯ ಹಕ್ಕಿನಿಂದ ಮುಕ್ತ, ಎಷ್ಟು ಬೇಕಾದರೂ ಓದಬಹುದು. ವೇಬರ್ 1920ರಲ್ಲಿ ತೀರಿಕೊಂಡರೂ ಇಂಗ್ಲಿಷ್ ಅನುವಾದಗಳ ಹಕ್ಕು ಬೇರೆಯೇ. ಹೊಸ ಪ್ರಬಂಧಗಳಿಂದ ಚರ್ಚೆಗೆ ಬೇಕಾದ ಸಾಲುಗಳನ್ನಷ್ಟೇ ಓದಿ. ಸಿನಿಮಾ ಹಾಡಿನ ತುಣುಕನ್ನು ಶೀರ್ಷಿಕೆ ಸಂಗೀತ ಮಾಡಿಕೊಳ್ಳುವ ಆಸೆ ಬೇಡ.

ಕಂತಿನ ಜೊತೆ ಪ್ರಬಂಧದ ಪೂರ್ತಿ ವಿವರ, ಓದಿದ ಭಾಗಗಳ ಪುಟಸಂಖ್ಯೆ, ಯಾವ ನಿಮಿಷದಲ್ಲಿ ಯಾವ ಮಾತು ಎಂಬ ಗುರುತು ಇರಲಿ. ವಿದ್ಯಾರ್ಥಿಗಳು ನಿಜಕ್ಕೂ ಬಳಸುವುದು ಇದನ್ನು. ಲಿಪ್ಯಂತರ ಯಂತ್ರದಿಂದ ತೆಗೆಸಿದರೂ ಹೆಸರುಗಳನ್ನು ಕೈಯಾರೆ ತಿದ್ದಬೇಕು. ಕಾರ್ಲ್ ವೈಕ್, ಫಿಲಿಪ್ ಸೆಲ್ಜ್ನಿಕ್‌ರಂಥ ಸಂಸ್ಥಾ ಸಿದ್ಧಾಂತಿಗಳು ಯಂತ್ರದ ಕೈಗೆ ಸಿಕ್ಕರೆ ಏನೇನೋ ಆಗುತ್ತಾರೆ. ಪ್ರಕಟಿಸಿದ ಮೇಲೆ ಇಸವಿಯೋ ಹೆಸರೋ ತಪ್ಪಿದ್ದು ಗೊತ್ತಾದರೆ ಆಡಿಯೊ ಬದಲಿಸಿ, ಫೀಡಿನಲ್ಲಿ ಆ ಕಂತಿನ ಗುರುತುಸಂಖ್ಯೆಯನ್ನು ಮಾತ್ರ ಹಾಗೇ ಬಿಡಿ. ಅದು ಬದಲಾದರೆ ಚಂದಾದಾರರ ಫೋನಿನಲ್ಲಿ ಹಳೆಯ ಕಂತೇ ಹೊಸದಾಗಿ ಇಳಿಯುತ್ತದೆ. ಏನನ್ನು ತಿದ್ದಿದಿರಿ ಎಂಬುದನ್ನು ತಾರೀಖಿನ ಸಮೇತ ವಿವರಣೆಯ ಮೊದಲ ಸಾಲಿನಲ್ಲೇ ಹಾಕಿ. ಹಳೆಯ ಆಡಿಯೊ ಇಳಿಸಿಕೊಂಡವರು ಅದನ್ನೇ ತಮ್ಮ ಪ್ರಬಂಧದಲ್ಲಿ ಉಲ್ಲೇಖಿಸಿರಬಹುದು.