ನಾಳೆ ದವಡೆ ಹಲ್ಲಿನ ಸರದಿ

ನಾಳೆ ಶಿವಮೊಗ್ಗಕ್ಕೆ ಹೋಗಿ ದವಡೆ ಹಲ್ಲು ಕೀಳಿಸಬೇಕು. ಇಷ್ಟು ದಿನ ಲವಂಗ ಕಚ್ಚಿಕೊಂಡು, ಮಳೆ, ತೋಟದ ಕೆಲಸ, ನೆಂಟರು ಅಂತ ಸುಮ್ನೆ ಮುಂದೂಡಿದ್ದಾಯಿತು. ತೀರ್ಥಹಳ್ಳಿಯಿಂದ ಅತ್ತಿಗೆ ಫೋನ್ ಮಾಡಿ "ಏನೂ ಆಗಲ್ಲ ಮಾರಾಯ" ಅಂದರು, ಆಮೇಲೆ ತಮ್ಮ ಹಲ್ಲು ಕಿತ್ತಾಗಿನ ರಕ್ತ, ಬಾವು ಎಲ್ಲವನ್ನೂ ಅವರೇ ವಿವರವಾಗಿ ಹೇಳಿದರು! ಇದ್ದ ಧೈರ್ಯವೂ ಹೋಯಿತು.

ಸಮಾಧಾನ ಆಗಿದ್ದು ಡಾಕ್ಟರ್ ಮಾತಿನಿಂದ. ಮರಗಟ್ಟಿಸುವ ಲಿಡೊಕೇನ್ ಇಂಜೆಕ್ಷನ್ ಕೊಟ್ಟ ಮೇಲೆ ನೋವಿನ ಸುದ್ದಿ ನರದಲ್ಲೇ ನಿಲ್ಲುತ್ತದೆ, ಆದರೆ ಒತ್ತುವುದು, ಅಲ್ಲಾಡಿಸುವುದು ಗೊತ್ತಾಗುತ್ತದೆ, ಕರಕರ ಸದ್ದೂ ಕೇಳಿಸಬಹುದು, ಅದಕ್ಕೆ ಗಾಬರಿ ಬೀಳಬೇಡಿ, ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತೇನೆ ಅಂದರು. ಏನಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಭಯ ಸ್ವಲ್ಪ ಇಳಿಯುತ್ತದೆ, ಅಲ್ವಾ? ನನಗಂತೂ ಆ ಕೈ ಎತ್ತುವ ವಿಷಯವೇ ಜಾಸ್ತಿ ಹಿಡಿಸಿತು.

ಕಿತ್ತ ಮೇಲೆ 24 ಗಂಟೆ ಜೋರಾಗಿ ಉಗುಳಬಾರದು, ಸ್ಟ್ರಾದಲ್ಲಿ ಕುಡಿಯಬಾರದು. ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದರೆ ಆ ಗುಳಿ ವಿಪರೀತ ನೋಯುತ್ತದಂತೆ. "ಉಗುಳದೆ ಇರೋದು ಹೇಗೋ?" ಅಂತ ಮಾವ ಬಾಯಲ್ಲಿ ಎಲೆಅಡಿಕೆ ಕವಳ ಇಟ್ಟುಕೊಂಡೇ ಕೇಳಿದರು. ತಿಂಡಿ ತಿಂದೇ ಬನ್ನಿ ಅಂತ ಡಾಕ್ಟರ್ ಹೇಳಿದ್ದಾರೆ, ಹಾಗಾಗಿ ಬೆಳಗ್ಗೆ ಕಡುಬಿಗೆ ಹೇಳಿಟ್ಟಿದ್ದೇನೆ.